ನೆಟ್‌ವರ್ಕ್ ಬರುವ ಮೊದಲೇ ಸಮಯ ಕೇಳಿದ ಲ್ಯಾಪ್‌ಟಾಪ್

"ಗುರುಗಳೇ, ದಿನವೂ ಬೆಳಿಗ್ಗೆ ಕಣ್ಣು ಮುಚ್ಚಿ ಕೂತು, ಜನರಿಗೆ ಏನು ಹೇಳಲಿ ಎಂದು ದೇವರನ್ನು ಕೇಳುತ್ತೇನೆ. ಉತ್ತರ ಬರುವುದಿಲ್ಲ. ಉತ್ತರ ಕೊಡುವವರೇ ಇಲ್ಲ ಎಂದುಕೊಳ್ಳಲೇ?"

ಕೇಳಿದವನು ಮಠದಲ್ಲಿ ಬೆಳಗಿನ ಪ್ರವಚನ ಮಾಡುತ್ತಿದ್ದ ಶಿಷ್ಯ. ಒಳ್ಳೆಯ ಮಾತುಗಾರ.

"ಕೇಳಿದ ಮೇಲೆ ಎಷ್ಟು ಹೊತ್ತು ಕಾಯುತ್ತೀಯಪ್ಪಾ?" ಎಂದರು ಗುರುಗಳು.

"ಕಾಯಲು ಪುರುಸೊತ್ತೆಲ್ಲಿ? ಅಷ್ಟರಲ್ಲಿ ಜನ ಬಂದು ಕೂತಿರುತ್ತಾರೆ."

ಗುರುಗಳು ನಕ್ಕು, ಹಾಗಾದರೆ ಇದನ್ನು ಕೇಳು ಎಂದು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಹೆಂಗಸು ಪುಟ್ಟ ರೇಡಿಯೊ ಕೇಂದ್ರ ನಡೆಸುತ್ತಿದ್ದಳು. ಬೆಳಗಿನ ಹೊತ್ತು ಹಾಡು ಹಾಕುವುದು, ನಡುನಡುವೆ ಸಮಯ ಹೇಳುವುದು ಎಲ್ಲವೂ ಲ್ಯಾಪ್‌ಟಾಪಿನ ಕೆಲಸ. ಅವಳು ಸ್ವಿಚ್ ಹಾಕಿ ಊರ ಸುದ್ದಿ ತರಲು ಹೊರಟುಬಿಡುತ್ತಿದ್ದಳು. ಊರವರು ರೇಡಿಯೊ ಕೇಳಿ ಗೋಡೆ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಅವಳಿಗೆ ಯಂತ್ರದ ಮೇಲೆ ನಂಬಿಕೆ, ಊರಿಗೆ ಅವಳ ಮೇಲೆ ನಂಬಿಕೆ.

ಒಂದು ಮಧ್ಯಾಹ್ನ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಳು. ಹುಡುಗಿ ಶಾಲೆಯ ಸಮವಸ್ತ್ರದಲ್ಲಿದ್ದಳು. ಅತ್ತು ಅತ್ತು ಮುಖ ಊದಿಕೊಂಡಿತ್ತು.

"ರೇಡಿಯೊ ಟೈಮು ನಂಬ್ಕೊಂಡೇ ಮನೆ ಬಿಟ್ವಿ ಅಕ್ಕಾ. ಹೋಗೋ ಹೊತ್ತಿಗೆ ಪರೀಕ್ಷೆ ಗೇಟು ಹಾಕ್ಬಿಟ್ಟಿದ್ರು. ನಾಡಿದ್ದು ಇನ್ನೊಂದು ಪರೀಕ್ಷೆ ಐತೆ. ಅವತ್ತೂ ಹಿಂಗೇ ಆದ್ರೆ ಇವಳ ಗತಿ ಏನು?"

ಹೆಂಗಸು ಲ್ಯಾಪ್‌ಟಾಪಿನ ಸಮಯ ನೋಡಿದಳು. ಕಾಲು ಗಂಟೆ ಹಿಂದಿತ್ತು. ಅವಳಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ನಾಡಿದ್ದರೊಳಗೆ ಸರಿಮಾಡ್ತೀನಿ" ಎಂದಷ್ಟೇ ಹೇಳಿದಳು.

ಲ್ಯಾಪ್‌ಟಾಪಿನೊಳಗೆ ಒಂದು ಸಣ್ಣ ಗಡಿಯಾರವಿರುತ್ತದೆ. ಅದು ದಿನಕ್ಕೆ ತುಸು ಹಿಂದೆ ಬೀಳುತ್ತದೆ. ಆದ್ದರಿಂದ ಯಂತ್ರ ಎದ್ದ ಕೂಡಲೇ, ನೆಟ್‌ವರ್ಕಿನ ಮೂಲಕ, ದೂರದಲ್ಲಿರುವ ದೊಡ್ಡ ಗಡಿಯಾರವನ್ನು ಕೇಳಿ ತನ್ನನ್ನು ತಿದ್ದಿಕೊಳ್ಳಬೇಕು. ಇದು ತಿದ್ದಿಕೊಂಡಿರಲಿಲ್ಲ. ತುಸು ತುಸುವೇ ಸೇರಿ ಕಾಲು ಗಂಟೆಯಾಗಿತ್ತು.

ರಿಪೇರಿ ಅಂಗಡಿಯವನು ಒಳಗಿನ ಸಣ್ಣ ಬ್ಯಾಟರಿ ಬದಲಿಸಿ ಸಮಯ ಸರಿಮಾಡಿದ. ಮರುದಿನ ನೋಡಿದರೆ ಗಡಿಯಾರ ಮತ್ತೆ ತುಸು ಹಿಂದೆ. "ಬೆಳಿಗ್ಗೆ ಬೆಳಿಗ್ಗೆ ನೀವೇ ಕೈಯಿಂದ ಸರಿಮಾಡಿಬಿಡಿ ಮೇಡಂ, ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀರಿ" ಎಂದ.

"ನಾನು ಒಂದಿನ ಮರೆತರೆ ಇನ್ನೊಂದು ಮಗು ಗೇಟಿನ ಹೊರಗೆ ನಿಲ್ಲುತ್ತೆ" ಎಂದು ಲ್ಯಾಪ್‌ಟಾಪ್ ಎತ್ತಿಕೊಂಡು ಬಂದಳು.

ದೊಡ್ಡ ಗಡಿಯಾರವೇ ಕೆಟ್ಟಿದೆಯೋ ಎಂದು ಅನುಮಾನಿಸಿದಳು. ಲ್ಯಾಪ್‌ಟಾಪಿನಿಂದ ತಾನೇ ಅದನ್ನು ಕೇಳಿ ನೋಡಿದಳು. ತಕ್ಷಣ ಉತ್ತರ ಬಂತು, ಸರಿಯಾಗಿಯೇ ಬಂತು. ಕೊಡುವವರಲ್ಲಿ ತಪ್ಪಿಲ್ಲ ಎಂದಾಯಿತು. ಹಾಗಾದರೆ ಇದು ಕೇಳುತ್ತಲೇ ಇಲ್ಲವೇ? ಬೇಕೆಂದೇ ಸಮಯವನ್ನು ಹಿಂದಕ್ಕಿಟ್ಟು, ಎಲ್ಲವನ್ನೂ ಆರಿಸಿ, ಮತ್ತೆ ಸ್ವಿಚ್ ಹಾಕಿ ಪರದೆಯ ಮುಂದೆ ಕೂತಳು. ಯಂತ್ರ ಎದ್ದಿತು. ಎದ್ದದ್ದೇ ತಡ, ಸಮಯ ಕೇಳಿತು. ಉತ್ತರವಿಲ್ಲ. ಕೇಳಿದ್ದಾಯಿತಲ್ಲ ಎಂದು ಸುಮ್ಮನಾಯಿತು, ತನ್ನ ತಪ್ಪು ಸಮಯವನ್ನೇ ಇಟ್ಟುಕೊಂಡು ಹಾಡು ಶುರುಮಾಡಿತು. ನೆಟ್‌ವರ್ಕ್ ಬಂದದ್ದು ಆಮೇಲೆ. ಯಂತ್ರ ಮತ್ತೆ ಕೇಳಲೇ ಇಲ್ಲ.

ಅವಳಿಗೆ ತನ್ನ ಎಡವಟ್ಟು ಹೊಳೆಯಿತು. ನೆಟ್‌ವರ್ಕ್ ಕೊಡುವ ವೈಫೈ ಪೆಟ್ಟಿಗೆ ರಾತ್ರಿಯೆಲ್ಲ ಸುಮ್ಮನೆ ಉರಿಯುವುದೇಕೆ ಎಂದು ಅದನ್ನೂ ಲ್ಯಾಪ್‌ಟಾಪನ್ನೂ ಒಂದೇ ಸ್ವಿಚ್ಚಿಗೆ ಸೇರಿಸಿದ್ದಳು. ಲ್ಯಾಪ್‌ಟಾಪ್ ಬೇಗ ಏಳುತ್ತಿತ್ತು. ಪೆಟ್ಟಿಗೆಗೆ ಸಾವಕಾಶ ಬೇಕಿತ್ತು. ಪೆಟ್ಟಿಗೆಯನ್ನು ಸದಾ ಉರಿಯಲು ಬಿಟ್ಟರೆ ಆಯಿತು ಎಂದು ಮೊದಲು ಅಂದುಕೊಂಡಳು. ಕರೆಂಟು ಹೋಗಿ ಬಂದ ದಿನ ಮತ್ತೆ ಇದೇ ಪಾಡು ಎಂದು ಅದನ್ನು ಬಿಟ್ಟಳು.

ಕೊನೆಗೆ ಯಂತ್ರಕ್ಕೆ ಹೊಸ ಅಪ್ಪಣೆ ಕೊಟ್ಟಳು. ನೆಟ್‌ವರ್ಕ್ ಬರುವವರೆಗೆ ಕಾಯಬೇಕು. ಬಂದ ಮೇಲೆ ಕೇಳಬೇಕು. ಉತ್ತರ ಸಿಗದಿದ್ದರೆ ಮತ್ತೆ ಕೇಳಬೇಕು. ಸಿಗುವ ತನಕ ಊರಿಗೆ ಸಮಯ ಹೇಳಕೂಡದು.

ಪರೀಕ್ಷೆಯ ಬೆಳಿಗ್ಗೆ ನೆಟ್‌ವರ್ಕ್ ಎಂದಿಗಿಂತ ತಡಮಾಡಿತು. ರೇಡಿಯೊ ಹಾಡಿತು, ಸಮಯ ಮಾತ್ರ ಹೇಳಲಿಲ್ಲ. ಜನ ಫೋನು ಮಾಡಿ ರೇಗಿದರು. ಏನೋ ಒಂದು ಅಂದಾಜು ಹೇಳಿಬಿಡಿ ಎಂದರು. ಆದರೂ ಅವಳು ಹೇಳಿಸಲಿಲ್ಲ. ರೇಡಿಯೊ ಸಮಯ ಹೇಳದಿದ್ದುದನ್ನು ಕಂಡ ಆ ತಾಯಿ, ಗೋಡೆ ಗಡಿಯಾರವನ್ನು ನಂಬದೆ, ಮಗಳನ್ನು ಬೇಗನೆ ಹೊರಡಿಸಿಕೊಂಡು ಹೋದಳು. ಹುಡುಗಿ ಪರೀಕ್ಷೆ ಬರೆದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು. "ತಿಳಿಯಿತು ಗುರುಗಳೇ. ನಾಳೆಯಿಂದ ಇನ್ನಷ್ಟು ಹೊತ್ತು ಕಾಯುತ್ತೇನೆ" ಎಂದ.

"ಕಾಯುವೆಯಂತೆ. ಉತ್ತರ ಬಾರದ ಇಷ್ಟು ದಿನ ಜನರಿಗೆ ನೀನು ಹೇಳಿದ್ದು ಯಾರ ಮಾತು?" ಎಂದರು ಗುರುಗಳು.