ಹುತ್ತದೊಳಗೆ ನಿಲ್ಲದ ಸದ್ದು

ಕುರುಚಲು ಕಾಡಿನ ಅಂಚಿನಲ್ಲಿ ಆಳೆತ್ತರದ ಒಂದು ಹುತ್ತ. ಹುತ್ತ ಎಂದೊಡನೆ ಹಾವು ನೆನಪಾಯಿತೇ? ಸ್ವಲ್ಪ ತಡೆಯಿರಿ ಮಕ್ಕಳೇ, ಅದನ್ನು ಕಟ್ಟಿದ್ದು ಗೆದ್ದಲುಗಳು. ಒಳಗೆ ಕಗ್ಗತ್ತಲೆ, ಆ ಗೆದ್ದಲುಗಳಿಗೆ ಕಣ್ಣೂ ಇಲ್ಲ. ಮಣ್ಣಿಗೆ ಉಗುಳು ಬೆರೆಸಿ ಗೋಡೆ ಕಟ್ಟುವವರಿಗೆ ಮಣ್ಣಕ್ಕ ಹಿರಿಯಳು. ದೊಡ್ಡ ದವಡೆಯ ಕಾವಲಿನವರಿಗೆ ಕೊಕ್ಕಣ್ಣ ನಾಯಕ. ಆ ದವಡೆ ಕಚ್ಚುವುದಕ್ಕೆ ಮಾತ್ರ. ಕಾವಲಿನವರ ಬಾಯಿಗೆ ಕಟ್ಟುವವರೇ ತುತ್ತಿಡಬೇಕು.

ಅಲ್ಲೊಂದು ಕಟ್ಟಳೆ ಇತ್ತು. ಗೋಡೆ ಒಡೆದರೆ ಹತ್ತಿರದಲ್ಲಿದ್ದವರು ನೆಲಕ್ಕೆ ತಲೆ ಬಡಿಯಬೇಕು. ಆ ಟಕಟಕ ಕೇಳಿದವರು ತಾವೂ ಬಡಿಯಬೇಕು. ನಿಲ್ಲಿಸುವುದು ಯಾವಾಗ ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ಒಂದು ದಿನ ಕರಡಿಯೊಂದು ಉಗುರು ಹಾಕಿ ಮೊಟ್ಟೆಕೋಣೆಯ ಪಕ್ಕದ ಗೋಡೆಯನ್ನೇ ಸೀಳಿತು. ಕಟ್ಟುವವರು ತಲೆ ಬಡಿದರು. ಕಾವಲಿನವರು ಓಡಿ ಬಂದು ಕರಡಿಯ ಮೂತಿಗೆ ಕಚ್ಚಿ ಹಿಡಿದರು. ಕರಡಿ ಬೊಬ್ಬೆ ಹಾಕುತ್ತ ಓಡಿಹೋಯಿತು.

ಸದ್ದು ಮಾತ್ರ ನಿಲ್ಲಲಿಲ್ಲ. ಕಾವಲಿನವರು ಬಡಿಯುತ್ತಿದ್ದಾರೆ, ಹಾಗಾದರೆ ಕರಡಿ ಇನ್ನೂ ಇದೆ ಎಂದುಕೊಂಡರು ಕಟ್ಟುವವರು. ಕಟ್ಟುವವರು ಬಡಿಯುತ್ತಿದ್ದಾರೆ, ಹಾಗಾದರೆ ಇದೆ ಎಂದುಕೊಂಡರು ಕಾವಲಿನವರು. ಟಕಟಕ, ಟಕಟಕ. ನೆಲದಡಿಯಿಂದ ಬೇರೆ ಯಾರೋ ತಿರುಗಿ ಬಡಿಯುತ್ತಿದ್ದಾರೇನೋ ಅನ್ನಿಸುತ್ತಿತ್ತು.

ಬಾಯಲ್ಲಿ ಮಣ್ಣು ಹೊತ್ತು ಬಿರುಕಿನ ಕಡೆ ಹೋದವರು ಮರಳಲಿಲ್ಲ. ಅವರ ಕಾಲಸದ್ದು ಅರ್ಧ ದಾರಿಯಲ್ಲೇ ನಿಂತುಹೋಗುತ್ತಿತ್ತು. ಕರಡಿಗಿಂತ ಕೆಟ್ಟದ್ದೊಂದು ಒಳಗೆ ಸೇರಿಕೊಂಡಿದೆ ಎಂದು ಪಿಸುಗುಟ್ಟುತ್ತ ಉಳಿದವರು ಇನ್ನೂ ಜೋರಾಗಿ ಬಡಿದರು. ಇತ್ತ ಬಿರುಕಿನಿಂದ ನುಗ್ಗಿದ ಒಣಗಾಳಿಗೆ ಮೊಟ್ಟೆಗಳು ಸುಕ್ಕುಗಟ್ಟತೊಡಗಿದವು.

ಮಣ್ಣಕ್ಕನ ತಂಗಿಯೂ ಹೋದಳು. ಅವಳೂ ಬರಲಿಲ್ಲ.

ಮಣ್ಣಕ್ಕ ಬಡಿಯುವುದನ್ನು ನಿಲ್ಲಿಸಿದಳು. ತನ್ನವರಿಗೆ ಹೇಳಿದಳು, "ಬಿರುಕು ಮುಚ್ಚದಿದ್ದರೆ ಒಂದು ಮೊಟ್ಟೆಯೂ ಉಳಿಯುವುದಿಲ್ಲ. ನಾನು ಹೋಗಿ ನೋಡುತ್ತೇನೆ. ಅಲ್ಲಿಯವರೆಗೆ ತಲೆ ಬಡಿಯದೆ ಸುಮ್ಮನಿರಿ."

ಕಟ್ಟಳೆ ಮುರಿಯುವುದೇ ಎಂದು ಅವರು ಗೊಣಗಿದರು, ಆದರೆ ನಿಲ್ಲಿಸಿದರು. ಮಣ್ಣಕ್ಕ ಈ ಸಲ ಮಣ್ಣು ಹೊರಲಿಲ್ಲ, ಕಾವಲಿನವರು ಹಸಿದಿರಬಹುದೆಂದು ಬಾಯಿ ತುಂಬ ಊಟ ಹೊತ್ತು ಹೊರಟಳು. ಕಾಲಿಗೆ ಏನೇನೋ ತಾಗಿತು. ಏನೆಂದು ಮುಟ್ಟಿ ನೋಡುವ ಧೈರ್ಯ ಬರಲಿಲ್ಲ.

ಕತ್ತಲಲ್ಲಿ ಏನೋ ಅವಳ ಬೆನ್ನನ್ನು ಹಿಡಿಯಿತು.

"ಊಟ ತಂದಿದ್ದೇನೆ ಕೊಕ್ಕಣ್ಣ," ಎಂದಳು, ದೊಡ್ಡ ದವಡೆಯ ಹಿಡಿತ ಗುರುತಿಸಿ.

ಸದ್ದು ಅರ್ಧ ತಗ್ಗಿದ್ದರಿಂದ ಅವಳ ದನಿ ಅವನಿಗೆ ಕೇಳಿಸಿತು. ಹಸಿದು ಕಂಗಾಲಾಗಿದ್ದ ಅವನು ದವಡೆ ಸಡಿಲಿಸಿ ಬಾಯಿ ತೆರೆದ. ಅವಳು ತುತ್ತಿಟ್ಟು ಕೇಳಿದಳು, "ಶತ್ರು ಎಲ್ಲಿದೆ?"

"ನೀವೇ ಬಡಿಯುತ್ತಿದ್ದೀರಲ್ಲ?"

"ನಾವು ನಿಲ್ಲಿಸಿದ್ದೇವೆ. ನಿನ್ನವರಿಗೂ ನಿಲ್ಲಿಸಲು ಹೇಳು."

ಅವನು ಹೇಳಿದ. ಹುತ್ತವೆಲ್ಲ ಮೌನವಾಯಿತು. ಬಿರುಕಿನ ಗಾಳಿ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ.

"ಹಾಗಾದರೆ ತಾಗಿದ್ದನ್ನೆಲ್ಲ ಕಚ್ಚಿದೆವಲ್ಲ, ಕಚ್ಚಿದ್ದು ಯಾರನ್ನು?" ಎಂದ ಕೊಕ್ಕಣ್ಣ.

ಮಣ್ಣಕ್ಕ ಮೀಸೆ ಚಾಚಿ ಅವನ ದವಡೆ ಮುಟ್ಟಿದಳು. ಕರಡಿಯ ವಾಸನೆ ಎಂದೋ ಆರಿಹೋಗಿತ್ತು, ಉಳಿದಿದ್ದು ಅವಳಿಗೆ ಚೆನ್ನಾಗಿ ಗೊತ್ತಿದ್ದ ವಾಸನೆ.

"ನನ್ನ ತಂಗಿಯನ್ನು," ಎಂದಳು.

ಅವನು ತನ್ನವರನ್ನು ಕರೆದ. ಕಾವಲಿನವರೆಲ್ಲ ಸೇರಿ ಸತ್ತವರನ್ನೂ ಒಡೆದ ಹೆಂಟೆಗಳನ್ನೂ ಎತ್ತಿ ಸಾಗಿಸಿ ದಾರಿ ಬಿಟ್ಟರು. ಕಟ್ಟುವವರು ಬಂದು ಮಣ್ಣು ಮೆತ್ತಿದರು. ಅರ್ಧ ಮೊಟ್ಟೆಗಳು ಒಣಗಿಹೋಗಿದ್ದವು, ಅರ್ಧ ಉಳಿದುಕೊಂಡವು.

"ಆಯಿತು, ಇನ್ನು ಹೋಗು," ಎಂದಳು ಮಣ್ಣಕ್ಕ. ಕೊಕ್ಕಣ್ಣ ತಲೆ ತಗ್ಗಿಸಿ ಹೋದ. ಈ ಮಾತನ್ನು ಕರಡಿ ಓಡಿದೊಡನೆ ಹೇಳಿದ್ದರೆ ತಂಗಿ ಇರುತ್ತಿದ್ದಳು ಎಂದು ನೆನೆದು ಮಣ್ಣಕ್ಕ ಹಸಿ ಗೋಡೆಗೆ ಒರಗಿ ಅತ್ತಳು.

ನೀತಿ: ಆಪತ್ತಿನಲ್ಲಿ ಕೂಗಿ ಕರೆದವರು, ಆಪತ್ತು ಕಳೆದ ಮೇಲೆ ಸಾಕು ಎಂದೂ ಹೇಳಬೇಕು, ಇಲ್ಲದಿದ್ದರೆ ಕಾಯಲು ಬಂದವರಿಂದಲೇ ಮನೆ ಹಾಳಾಗುತ್ತದೆ.