ಏಳುನೂರ ಆರನೆಯ ಯಂತ್ರ

"ಗುರುಗಳೇ, ವಿದ್ಯುತ್ ಕೇಂದ್ರದ ನಾನೂರು ಕಂಪ್ಯೂಟರುಗಳಿಗೆ ಹೊಸ ಸಾಫ್ಟ್‌ವೇರ್ ಕಳಿಸಿದ್ದೇನೆ. ನಾಳೆ ಬೆಳಿಗ್ಗೆ ವರದಿ ಕೊಡಬೇಕು. ನಾಲ್ಕು ಮಾತ್ರ ಉತ್ತರ ಕೊಡುತ್ತಿಲ್ಲ. ನಾಲ್ಕೇ ನಾಲ್ಕು. ಅವನ್ನು ಬಿಟ್ಟು ಬರೆದರೆ ತಪ್ಪೇನು?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು: "ನಮ್ಮ ಕೆಲಸಕ್ಕೆ ಒಂದು ನಿಯಮವಿದೆ. ಉತ್ತರ ಕೊಡದ ಯಂತ್ರವನ್ನು ಸರಿಯಿದೆ ಎಂದು ಬರೆಯಬಾರದು. ಕೆಟ್ಟಿದೆ ಎಂದೂ ಬರೆಯಬಾರದು. ಗೊತ್ತಿಲ್ಲ ಎಂದು ಬರೆಯಬೇಕು. ಆಮೇಲೆ ಎದ್ದು ಹೋಗಿ ನೋಡಬೇಕು. ಈ ನಿಯಮವನ್ನು ಒಂದು ಆಸ್ಪತ್ರೆಯಲ್ಲಿ ಮೂವರು ಮುರಿದರು. ಮೂವರೂ ಓದಿದವರು, ಕೆಲಸ ಬಲ್ಲವರು. ಕೇಳು."

ಅದು ದೊಡ್ಡ ಆಸ್ಪತ್ರೆ. ಎಂಟುನೂರ ಐವತ್ತೊಂದು ಕಂಪ್ಯೂಟರುಗಳಿದ್ದವು. ರೋಗಿಯ ತೂಕ ಕೊಟ್ಟರೆ ಡ್ರಿಪ್ಪಿನಲ್ಲಿ ಎಷ್ಟು ಔಷಧಿ ಹೋಗಬೇಕೆಂದು ಹೇಳುವ ಸಾಫ್ಟ್‌ವೇರ್ ಪ್ರತಿಯೊಂದರಲ್ಲೂ ಇತ್ತು. ಅದರಲ್ಲಿ ಒಂದು ದೋಷವಿತ್ತು. ಎರಡು ಕಿಲೋಗಿಂತ ಕಡಿಮೆ ತೂಗುವ ಕೂಸಿಗೆ ಅದು ಔಷಧಿಯನ್ನು ಹೆಚ್ಚಾಗಿ ಹೇಳುತ್ತಿತ್ತು. ದೋಷ ಗೊತ್ತಾದ ಮೇಲೆ ಹಳೆಯ ಸರ್ವರ್ ಒಂದಕ್ಕೆ ಕಾವಲಿನ ಕೆಲಸ ಕೊಟ್ಟರು. ಕಂಪ್ಯೂಟರುಗಳು ತಮ್ಮ ಲೆಕ್ಕವನ್ನು ಅದಕ್ಕೆ ಕಳಿಸುತ್ತಿದ್ದವು. ತಪ್ಪಿದ್ದರೆ ಅದು ತಿದ್ದಿ ಹಿಂದಕ್ಕೆ ಕಳಿಸುತ್ತಿತ್ತು.

ಸರ್ವರ್ ಹಳೆಯದಾಗಿತ್ತು. ಎಲ್ಲ ಕಂಪ್ಯೂಟರುಗಳಿಗೂ ದೋಷವಿಲ್ಲದ ಹೊಸ ಸಾಫ್ಟ್‌ವೇರ್ ಹಾಕಿ, ಶುಕ್ರವಾರ ಸಂಜೆ ಐದಕ್ಕೆ ಸರ್ವರನ್ನು ನಿಲ್ಲಿಸುವುದು ಎಂದು ತೀರ್ಮಾನವಾಯಿತು. ಶನಿವಾರ ಹೊಸ ವ್ಯವಸ್ಥೆಯ ಉದ್ಘಾಟನೆ. ಆಹ್ವಾನ ಪತ್ರಿಕೆ ಹಂಚಿಯಾಗಿತ್ತು. ಎಲ್ಲಾದರೂ ಹಳೆಯ ಸಾಫ್ಟ್‌ವೇರ್ ಉಳಿದುಕೊಂಡರೆ, ಸರ್ವರ್ ನಿಂತ ಮೇಲೂ ಅದು ಲೆಕ್ಕ ಹೇಳುತ್ತಲೇ ಇರುತ್ತದೆ. ತಿದ್ದುವವರು ಮಾತ್ರ ಇರುವುದಿಲ್ಲ.

ಒಬ್ಬ ತಂತ್ರಜ್ಞ ಹೊಸ ಸಾಫ್ಟ್‌ವೇರನ್ನು ತನ್ನ ಕುರ್ಚಿಯಲ್ಲಿ ಕುಳಿತೇ ಎಲ್ಲ ಕಡೆಗೂ ಕಳಿಸಿದ. ಪ್ರತಿ ಕಂಪ್ಯೂಟರಿನೊಳಗೂ ಏಜೆಂಟ್ ಎಂಬ ಚಿಕ್ಕ ಪ್ರೋಗ್ರಾಂ ಇರುತ್ತದೆ. ಬಂದದ್ದನ್ನು ಒಳಗೆ ಹಾಕುವುದು ಅದೇ. ಹಾಕಿಯಾಯಿತು ಎಂದು ತಿಳಿಸುವುದೂ ಅದೇ. ಎಂಟುನೂರ ನಲವತ್ತು ಕಡೆಯಿಂದ ಸುದ್ದಿ ಬಂತು. ಹನ್ನೊಂದು ಕಡೆಯಿಂದ ಬರಲಿಲ್ಲ. ಅವನು ಮೂರು ಸಲ ಕಳಿಸಿ ನೋಡಿದ. ಮೂರು ಸಲವೂ ಅದೇ ಹನ್ನೊಂದು. ಬಂದ್ ಆಗಿರಬೇಕು ಎಂದು ಬರೆದ.

ವರದಿ ತಯಾರಿಸುವವನು ಆ ಪಟ್ಟಿಯನ್ನು ತೆಗೆದುಕೊಂಡ. ಬಂದ್ ಆದ ಯಂತ್ರವನ್ನು ಬಳಕೆಯಲ್ಲಿರುವ ಯಂತ್ರಗಳ ಜೊತೆ ಎಣಿಸುವುದು ಅವನಿಗೆ ಸರಿಕಾಣಲಿಲ್ಲ. ಹನ್ನೊಂದನ್ನೂ ತೆಗೆದುಹಾಕಿದ. ಎಂಟುನೂರ ನಲವತ್ತರಲ್ಲಿ ಎಂಟುನೂರ ನಲವತ್ತು. ಶೇಕಡ ನೂರು.

ವಿಭಾಗದ ಮುಖ್ಯಸ್ಥ ಶೇಕಡ ನೂರನ್ನು ನೋಡಿದ. ಸಹಿ ಹಾಕಿದ.

ಮೊದಲನೆಯವನ "ಇರಬೇಕು" ಎರಡನೆಯವನ ಕೈಯಲ್ಲಿ "ಇದೆ" ಆಯಿತು. ಮೂರನೆಯವನ ಕೈಗೆ ಬರುವಾಗ ಅದು ಕಾಗದದ ಮೇಲೆಯೇ ಇರಲಿಲ್ಲ.

"ಆದರೆ ಯಾರೂ ಸುಳ್ಳು ಬರೆಯಲಿಲ್ಲವಲ್ಲ?" ಎಂದ ಶಿಷ್ಯ.

"ಬರೆಯಲಿಲ್ಲ. ಮುಂದೆ ಕೇಳು."

ಹಳೆಯ ಸರ್ವರ್ ಇದ್ದ ಕಬ್ಬಿಣದ ಬೀರುವಿನ ಬೀಗದ ಕೈ ಒಬ್ಬ ಆಪರೇಟರ್ ಹೆಂಗಸಿನ ಬಳಿ ಇತ್ತು. ಅವಳದು ಗುತ್ತಿಗೆಯ ಕೆಲಸ. ಗುತ್ತಿಗೆ ಆ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಅದನ್ನು ಮುಂದುವರಿಸುವ ಕಾಗದಕ್ಕೆ ಸಹಿ ಹಾಕಬೇಕಾದವನು ಅದೇ ಮುಖ್ಯಸ್ಥ.

ಶುಕ್ರವಾರ ಸಂಜೆ ನಾಲ್ಕೂ ನಲವತ್ತಕ್ಕೆ ಮೂವರೂ ಸರ್ವರ್ ಕೋಣೆಗೆ ಬಂದರು. ಅವಳ ಮುಂದೆ ಒಂದು ಕಾಗದ ಇಟ್ಟರು. "ಎಲ್ಲ ಕಂಪ್ಯೂಟರುಗಳಿಗೂ ಹೊಸ ಸಾಫ್ಟ್‌ವೇರ್ ಹಾಕಲಾಗಿದೆ. ಸರ್ವರನ್ನು ನಿಲ್ಲಿಸಲಾಗಿದೆ" ಎಂದು ಅದರಲ್ಲಿ ಮೊದಲೇ ಅಚ್ಚಾಗಿತ್ತು. ಕೆಳಗೆ ಅವಳ ಸಹಿಗೆ ಜಾಗ.

ಅವಳು ಸಹಿ ಹಾಕುವ ಮೊದಲು ಸರ್ವರಿನ ಪರದೆ ನೋಡಿದಳು. ಹೊಸ ಸಾಫ್ಟ್‌ವೇರ್ ಇರುವ ಯಂತ್ರ ಹಳೆಯ ಸರ್ವರನ್ನು ಏನೂ ಕೇಳುವುದಿಲ್ಲ. ಎಲ್ಲ ಕಡೆ ಹಾಕಿದ್ದು ನಿಜವಾದರೆ ಪರದೆ ಖಾಲಿಯಿರಬೇಕಿತ್ತು. ಒಂದು ಸಾಲು ಇತ್ತು. ನಾಲ್ಕೂ ಮೂವತ್ತೊಂದು. ಯಂತ್ರ ಏಳುನೂರ ಆರು. ಲೆಕ್ಕ ತಿದ್ದಿ ಕಳಿಸಲಾಗಿದೆ.

"ಸಾರ್, ಏಳುನೂರ ಆರು ಎಲ್ಲಿದೆ?"

ತಂತ್ರಜ್ಞ ತನ್ನ ಪಟ್ಟಿ ನೋಡಿದ. "ಬಂದ್ ಆಗಿರೋ ಹನ್ನೊಂದರಲ್ಲಿ ಅದೂ ಒಂದು."

"ಹತ್ತು ನಿಮಿಷದ ಹಿಂದೆ ಲೆಕ್ಕ ಕಳಿಸಿದೆ."

"ಸತ್ತಿದ್ದು ಎದ್ದು ಬಂತೇನಮ್ಮಾ?" ಎಂದು ವರದಿಯವನು ನಕ್ಕ.

ತಂತ್ರಜ್ಞ ನಗಲಿಲ್ಲ. ಅವನಿಗೆ ಆಗ ಅರ್ಥವಾಯಿತು. ಸತ್ತದ್ದು ಯಂತ್ರವಲ್ಲ, ಅದರೊಳಗಿನ ಏಜೆಂಟ್. ಏಜೆಂಟ್ ಸತ್ತಿದ್ದರೆ ಹೊಸ ಸಾಫ್ಟ್‌ವೇರ್ ಹಾಕುವವರಿಲ್ಲ. ಹಾಕಿಲ್ಲ ಎಂದು ತಿಳಿಸುವವರೂ ಇಲ್ಲ. ಅವನು ಅವಸರದಲ್ಲಿ ದಾಸ್ತಾನು ಪುಸ್ತಕ ತೆಗೆದ. ಏಳುನೂರ ಆರರ ಮುಂದೆ "ಉಗ್ರಾಣ" ಎಂದಿತ್ತು. ಉಗ್ರಾಣಕ್ಕೆ ಫೋನ್ ಮಾಡಿದ. "ಅದನ್ನ ಯಾವತ್ತೋ ಯಾರೋ ಬಂದು ತಗೊಂಡು ಹೋದ್ರಲ್ಲ ಸಾರ್" ಎಂಬ ಉತ್ತರ ಬಂತು.

ನಾಲ್ಕೂ ಐವತ್ತೆರಡು.

"ನೋಡಮ್ಮಾ, ಒಂದು ಯಂತ್ರ. ನಾಳೆ ನಾನೇ ನಿಂತು ಹುಡುಕಿಸ್ತೀನಿ. ಈಗ ಆಫ್ ಮಾಡು" ಎಂದ ಮುಖ್ಯಸ್ಥ.

"ತಿದ್ದಿದೆ ಅಂದ್ರೆ ಅಲ್ಲಿ ಎಳೆ ಕೂಸಿದೆ ಸಾರ್. ಹೆರಿಗೆ ವಾರ್ಡಲ್ಲಿ ಕೂಸುಗಳಿವೆ. ಮಕ್ಕಳ ವಾರ್ಡಲ್ಲಿವೆ. ಎಮರ್ಜೆನ್ಸಿಗೂ ಬರ್ತವೆ. ಇದು ಎಲ್ಲಿದೆ ಹೇಳಿ ಸಾರ್, ಆಫ್ ಮಾಡ್ತೀನಿ."

"ನಿನ್ನ ಗುತ್ತಿಗೆ ಯಾವತ್ತು ಮುಗಿಯುತ್ತೆ, ನೆನಪಿದೆಯಾ?"

"ನೆನಪಿದೆ ಸಾರ್. ಏಳುನೂರ ಆರು ಎಲ್ಲಿದೆ?"

ಅಷ್ಟರಲ್ಲಿ ಪರದೆಯ ಮೇಲೆ ಇನ್ನೊಂದು ಸಾಲು ಮೂಡಿತು. ಏಳುನೂರ ಆರು. ಲೆಕ್ಕ ತಿದ್ದಿ ಕಳಿಸಲಾಗಿದೆ. ನಾಲ್ವರೂ ಅದನ್ನು ಓದಿದರು. ಮುಖ್ಯಸ್ಥ ಪರದೆಯಿಂದ ಕಣ್ಣು ತೆಗೆದು ಕೈಗಡಿಯಾರ ನೋಡಿದ. "ಇನ್ನು ಐದು ನಿಮಿಷ" ಎಂದ.

ಅವಳು ಕಾಗದವನ್ನು ಹತ್ತಿರ ಎಳೆದುಕೊಂಡಳು. "ಎಲ್ಲ" ಎಂಬ ಪದವನ್ನು ಹೊಡೆದುಹಾಕಿದಳು. ಪಕ್ಕದಲ್ಲಿ "ಹನ್ನೊಂದು ಗೊತ್ತಿಲ್ಲ" ಎಂದು ಬರೆದಳು. "ನಿಲ್ಲಿಸಲಾಗಿದೆ" ಎಂಬುದನ್ನೂ ಹೊಡೆದು "ನಿಲ್ಲಿಸಿಲ್ಲ" ಎಂದು ಬರೆದಳು. ಕೆಳಗೆ ತನ್ನ ಹೆಸರನ್ನು ಪೂರ್ತಿಯಾಗಿ ಬರೆದು ಸಹಿ ಹಾಕಿದಳು. ಬೀರುವಿಗೆ ಬೀಗ ಹಾಕಿ ಜಗ್ಗಿ ನೋಡಿದಳು. ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದು ಹೆರಿಗೆ ವಾರ್ಡಿನ ಕಡೆ ನಡೆದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ತಡೆಯಲಾರದೆ ಕೇಳಿದ: "ಆ ಯಂತ್ರ ಕೊನೆಗೆ ಎಲ್ಲಿ ಸಿಕ್ಕಿತು, ಗುರುಗಳೇ?"

"ನಿನ್ನ ನಾಲ್ಕು ಎಲ್ಲಿವೆ?" ಎಂದರು ಗುರುಗಳು.