ಏಡಿಯ ಹೊಸಿಲಲ್ಲಿ ಕಡಲು ಕೇಳಿದ ಮಾತು

ಭೂಮಿ ಆಗಿನ್ನೂ ಹೊಚ್ಚ ಹೊಸದು. ದಡದ ಮರಳು ಈಗಷ್ಟೇ ಹುರಿದಿಳಿಸಿದ ರವೆಯಂತೆ ಬೆಚ್ಚಗಿತ್ತು. ಗಾಳಿಗೆ ಎಲ್ಲಿ ನುಗ್ಗಬಾರದೆಂದು ತಿಳಿದಿರಲಿಲ್ಲ. ಕಡಲಿಗೆ ಮೆಲ್ಲಗೆ ನಡೆಯಲು ಬರುತ್ತಿರಲಿಲ್ಲ.

ಹೌದು, ಆಗ ಅಲೆಗಳೇ ಇರಲಿಲ್ಲ. ದಿನಕ್ಕೊಮ್ಮೆ, ಬೆಳಗಿನ ಬಿಸಿಲು ತುಸು ಏರಿದಾಗ, ಕಡಲಮ್ಮ "ಬಂದೇ!" ಎಂದು ಕೂಗು ಹಾಕಿ ಒಂದೇ ಓಟಕ್ಕೆ ದಡದ ಮೇಲೆ ಬರುತ್ತಿದ್ದಳು. ಸಾಕೆನಿಸಿದಾಗ ಒಂದೇ ಓಟಕ್ಕೆ ವಾಪಸು ಹೋಗುತ್ತಿದ್ದಳು.

ಆ ದಡದಲ್ಲಿ ಒಂದು ಏಡಿ ಇತ್ತು. ಹೆಸರು ದೊಡ್ಡಕ್ಕ, ಗಾತ್ರ ಕಡಲೆಕಾಳಿನಷ್ಟು. ಮರಳಿನೊಳಗೆ ಅವಳದೊಂದು ಮನೆ. ಮುಂದೊಂದು ಕೋಣೆ, ಹಿಂದೊಂದು ಕೋಣೆ. ಅವಳಿಗೊಬ್ಬಳು ಮಗಳು, ಚಿಣ್ಣಿ. ಸಾಸಿವೆಯಷ್ಟು ಮಗಳು, ಆದರೆ ಕೇಳುವ ಪ್ರಶ್ನೆಗಳು ಮಾತ್ರ ತೆಂಗಿನಕಾಯಿಯಷ್ಟು.

ಕಡಲಮ್ಮನ ಕೂಗು ಕೇಳಿದೊಡನೆ ದೊಡ್ಡಕ್ಕ ಬಾಗಿಲಿಗೆ ಮರಳು ಮೆತ್ತಿ ಮುಚ್ಚಿಬಿಡುತ್ತಿದ್ದಳು. ನೀರು ವಾಪಸು ಹೋಗುವ ತನಕ ತಾಯಿ ಮಗಳು ಒಳಗೆ ಬೆಚ್ಚಗೆ ಕೂತಿರುತ್ತಿದ್ದರು.

ದೊಡ್ಡಕ್ಕ ಒಳ್ಳೆಯವಳೇ. ಆದರೆ ಒಂದು ಕೆಲಸ ಮಾತ್ರ ಅವಳಿಗೆ ಸುತರಾಂ ಆಗದು. ಅದು ಗುಡಿಸುವುದು.

ದಿನಾ ಬೆಳಗಾಗುತ್ತಲೇ ಗಾಳಿ ಬಾಗಿಲಲ್ಲಿ ಇಣುಕುತ್ತಿದ್ದ. ಜೊತೆಗೆ ಒಂದಿಷ್ಟು ಮರಳೂ ಒಳಗೆ ಬೀಳುತ್ತಿತ್ತು.

"ಎಂತದಾ ಇದು?" ಎಂದು ದೊಡ್ಡಕ್ಕ ರೇಗುತ್ತಿದ್ದಳು.

"ಸುಮ್ಮನೆ ಮಾತಾಡಿಸಿ ಹೋಗುವಾ ಅಂತ ಬಂದೆ. ಕಾಲಲ್ಲಿ ಸ್ವಲ್ಪ ಮರಳಿತ್ತು" ಎಂದು ನಗುತ್ತಾ ಹೊರಡುತ್ತಿದ್ದ ಗಾಳಿ.

ದೊಡ್ಡಕ್ಕ ಆ ಮರಳನ್ನು ಒಂದು ಕಾಲಿಂದ ಮೂಲೆಗೆ ತಳ್ಳುತ್ತಿದ್ದಳು. ಗುಡಿಸುವುದು ಯಾವಾಗ ಎಂದು ಚಿಣ್ಣಿ ಬೆಳಿಗ್ಗೆ ಕೇಳಿದರೆ, "ಮೊದಲು ತಿಂಡಿ ಆಗಲಿ." ಮಧ್ಯಾಹ್ನ ಕೇಳಿದರೆ, "ಈ ಬಿಸಿಲಲ್ಲಿ ಯಾರು ಗುಡಿಸ್ತಾರೆ?" ಸಂಜೆ ಕೇಳಿದರೆ ಮುಖ ಗಂಭೀರ ಮಾಡಿಕೊಂಡು, "ಅಯ್ಯೋ, ದೀಪ ಹಚ್ಚುವ ಹೊತ್ತು! ಈಗ ಗುಡಿಸಿದರೆ ಲಕ್ಷ್ಮಿ ಹೊರಟೇ ಹೋಗ್ತಾಳೆ!"

ಆ ಮನೆಯಲ್ಲಿ ಲಕ್ಷ್ಮಿಗೆ ಕಾಲಿಡಲು ಜಾಗವೆಲ್ಲಿತ್ತು? ಆದರೆ ದೊಡ್ಡಕ್ಕನಿಗೆ ಹಾಗೆಂದು ಹೇಳುವವರು ಯಾರು?

ರಾಶಿ ಬೆಳೆಯಿತು. ಅವಳ ಮೊಣಕಾಲಿಗೆ ಬಂತು. ಎಂಟೂ ಮೊಣಕಾಲಿಗೆ ಬಂತು.

"ಅವ್ವಾ, ನಮ್ಮ ಮನೆ ಸಣ್ಣ ಆಗ್ತಾ ಇದೆಯಾ?" ಎಂದು ಚಿಣ್ಣಿ ಕೇಳಿದಳು.

"ಇಲ್ಲ ಮಗಾ, ನೀನು ದೊಡ್ಡ ಆಗ್ತಾ ಇದ್ದಿ" ಎಂದಳು ದೊಡ್ಡಕ್ಕ.

ಒಂದು ಬೆಳಿಗ್ಗೆ ಚಿಣ್ಣಿ ಹಿಂದಿನ ಕೋಣೆಯಲ್ಲಿ ಇನ್ನೂ ಮಲಗಿದ್ದಳು. ಗಾಳಿ ಎಂದಿನಂತೆ ಮರಳು ಸುರಿದು ಹೋದ. ದೊಡ್ಡಕ್ಕ ಎಂದಿನಂತೆ ಮೂಲೆಗೆ ತಳ್ಳಿದಳು. ಅಷ್ಟೇ ನೋಡಿ. ಇಡೀ ರಾಶಿ ದಬದಬನೆ ಜರಿದು ಹಿಂದಿನ ಕೋಣೆಯ ಬಾಗಿಲನ್ನು ಮುಚ್ಚಿಹಾಕಿತು.

"ಅವ್ವಾ, ಕತ್ತಲೆ!" ಎಂದು ಆ ಕಡೆಯಿಂದ ಸಣ್ಣ ದನಿ ಬಂತು.

ಅದೇ ಹೊತ್ತಿಗೆ ದೂರದಿಂದ ದೊಡ್ಡ ದನಿಯೂ ಬಂತು. "ಬಂದೇ!"

ಮುಂಬಾಗಿಲು ಮುಚ್ಚಿದರೆ ಮರಳು ತೆಗೆದು ಹಾಕಲು ಜಾಗವಿಲ್ಲ, ಮಗಳು ಅಲ್ಲೇ ಉಸಿರುಗಟ್ಟುತ್ತಾಳೆ. ತೆರೆದಿಟ್ಟರೆ ಕಡಲು ಒಳಗೆ ಬರುತ್ತದೆ. ದೊಡ್ಡಕ್ಕ ಹೊರಗೆ ಓಡಿ, ಬರುತ್ತಿದ್ದ ಕಡಲಿನೆದುರು ಇಕ್ಕಳದಂಥ ಎರಡೂ ಕೊಂಡಿ ಎತ್ತಿ ನಿಂತಳು. ಕಡಲೆಕಾಳು ಕಡಲನ್ನು ತಡೆಯಿತು!

"ನಿಲ್ಲು ಮಾರಾಯ್ತಿ! ನನ್ನ ಮಗು ಒಳಗಿದೆ!"

ಕಡಲಮ್ಮ ಕಕ್ಕಾಬಿಕ್ಕಿಯಾದಳು. "ನನಗೆ ನಿಲ್ಲಲಿಕ್ಕೇ ಬರೂದಿಲ್ವಲ್ಲೇ! ಬರ್ಲಿಕ್ಕೆ ಗೊತ್ತು, ಹೋಗ್ಲಿಕ್ಕೆ ಗೊತ್ತು, ಅಷ್ಟೆ."

"ಹಾಗಾದರೆ ಹೋಗು! ಹೋಗಿ ಬಾ! ಮತ್ತೆ ಹೋಗು! ನಾನು ಆಯ್ತು ಅನ್ನುವ ತನಕ ಹಾಗೇ ಮಾಡ್ತಾ ಇರು!"

ಕಡಲಮ್ಮ ಜೀವಮಾನದಲ್ಲಿ ಮೊದಲ ಸಲ ಎರಡು ಹೆಜ್ಜೆ ಹಿಂದೆ ಸರಿದಳು.

ದೊಡ್ಡಕ್ಕ ಒಳಗೆ ನುಗ್ಗಿ ಮರಳು ಬಾಚಿದಳು. ಒಣಮರಳು ಎಷ್ಟು ಹಿಡಿದರೂ ಜಾರಿ ಜಾರಿ ಮತ್ತೆ ಒಳಗೇ ಬಿತ್ತು. ಅವಳಿಗೆ ಅಳು ಬಂತು. ಅಷ್ಟರಲ್ಲಿ ಕಡಲಮ್ಮ ಹೊಸಿಲಿಗೆ ಬಂದು, ನಾಲ್ಕು ಹನಿ ಒಳಗೆ ಚೆಲ್ಲಿ ಕೇಳಿದಳು. "ಆಯ್ತಾ ಮಾರಾಯ್ತಿ?"

"ಇಲ್ಲ! ಇನ್ನೊಂದು ಚೂರು!"

ಆ ನಾಲ್ಕು ಹನಿಗೆ ಮರಳು ಒದ್ದೆಯಾಯಿತು. ಒದ್ದೆ ಮರಳು ಉಂಡೆ ಕಟ್ಟಲು ಬಂತು! ದೊಡ್ಡಕ್ಕ ಒಂದು ಉಂಡೆ ಕಟ್ಟಿ ಹೊರಗಿಟ್ಟಳು, ಇನ್ನೊಂದು ಕಟ್ಟಿ ಹೊರಗಿಟ್ಟಳು.

"ಆಯ್ತಾ?"

"ಇನ್ನೊಂದು ಚೂರು!"

ಉಂಡೆ, ಉಂಡೆ, ಉಂಡೆ.

"ಆಯ್ತಾ?"

"ಇನ್ನೊಂದೇ ಒಂದು ಚೂರು!"

ಕೊನೆಗೆ ಮರಳಿನಿಂದ ಒಂದು ಪುಟ್ಟ ಕಾಲು ಹೊರಬಂತು. ಹಿಂದೆಯೇ ಉಳಿದ ಕಾಲುಗಳು, ಹಿಂದೆಯೇ ಚಿಣ್ಣಿ. ದೊಡ್ಡಕ್ಕ ಮಗಳನ್ನು ಎಂಟು ಕಾಲಲ್ಲೂ ಅಪ್ಪಿಕೊಂಡು ಗಳಗಳನೆ ಅತ್ತಳು.

"ಅವ್ವಾ, ನಮ್ಮ ಮನೆ ದೊಡ್ಡ ಆಯ್ತು!" ಎಂದಳು ಚಿಣ್ಣಿ, ಸುತ್ತ ನೋಡಿ.

"ಆಯ್ತು ಕಡಲಮ್ಮಾ!" ಎಂದು ಕೂಗಿ ದೊಡ್ಡಕ್ಕ ಕೊನೆಯ ಉಂಡೆಯಿಂದ ಬಾಗಿಲು ಮುಚ್ಚಿದಳು. ಕಡಲಮ್ಮ ಮೇಲೇರಿ ಬಂದು, ಹೊರಗಿದ್ದ ಉಂಡೆಗಳನ್ನೆಲ್ಲ ಬಾಚಿಕೊಂಡು ಹೋದಳು.

ಮರುದಿನ ಗಾಳಿ ಮತ್ತೆ ಬಂದ. ಅವನ ಕಾಲಲ್ಲಿ ಮತ್ತೆ ಮರಳಿತ್ತು. ಅವನು ಇಂದಿಗೂ ಕಾಲು ಒರೆಸಿಕೊಳ್ಳುವುದನ್ನು ಕಲಿತಿಲ್ಲ. ಆದರೆ ದೊಡ್ಡಕ್ಕ ತಿಂಡಿಗೂ ಮೊದಲು ಆ ಮರಳನ್ನು ಉಂಡೆ ಕಟ್ಟಿದಳು. ಒಂದು ದಿನದ ಮರಳು ಎಷ್ಟು ಮಹಾ? ನಾಲ್ಕೇ ನಾಲ್ಕು ಉಂಡೆ!

ಚಿಣ್ಣಿ ಅವನ್ನು ಹೊರಗೆ ಸಾಲಾಗಿ ಜೋಡಿಸಿದಳು. "ಸುಮ್ಮನೆ ಬಿಸಾಡೂದ್ಯಾಕೆ ಅವ್ವಾ? ರಂಗೋಲಿ ಆಗ್ಲಿ."

ಈಗಲೂ ಬೆಳಿಗ್ಗೆ ಕಡಲತಡಿಗೆ ಹೋದರೆ ನೋಡಿ, ಪುಟ್ಟ ಪುಟ್ಟ ಬಿಲಗಳ ಸುತ್ತ ಮರಳಿನ ಉಂಡೆಗಳ ರಂಗೋಲಿ ಇರುತ್ತದೆ. ಕಡಲಮ್ಮನಂತೂ ಆ ಅಭ್ಯಾಸ ಬಿಟ್ಟೇ ಇಲ್ಲ. ಆ ಬಾಗಿಲುಗಳತ್ತ ಎರಡು ಹೆಜ್ಜೆ ಬಂದು, "ಆಯ್ತಾ?" ಎಂದು ಕೇಳಿ, ಮತ್ತೆ ಎರಡು ಹೆಜ್ಜೆ ಹಿಂದೆ ಸರಿಯುತ್ತಾಳೆ. ಅದನ್ನೇ ನಾವು ಅಲೆ ಎನ್ನುತ್ತೇವೆ.